ಕಡಲಿಗೆ ಹೋಗಿಬಂದ ರೊಟ್ಟಿ

ಅಲ್ಲವ್ವ ಸಮುದ್ರ ನೋಡಿದವಳಲ್ಲ. ಮಸಗುಪ್ಪಿಯಲ್ಲಿ ಹುಟ್ಟಿ, ಸಂಕೇಶ್ವರಕ್ಕೆ ಸೊಸೆಯಾಗಿ ಬಂದು, ಹಿರಣ್ಯಕೇಶಿಯ ದಂಡೆಯಲ್ಲೇ ಬಾಳು ಸವೆಸಿದವಳು. ಆದರೆ ಕಡಲ ಸೀಮೆಯಲ್ಲಿ ಗಾಳಿ ಎಷ್ಟು ನೀರು ಕುಡಿದಿದೆ, ಮಳೆ ಘಟ್ಟ ಹತ್ತಿತೋ ಇಲ್ಲವೋ ಎಂಬುದನ್ನು ತನ್ನ ಕಟ್ಟೆಯ ಮೇಲೆ ಕೂತೇ ಹೇಳುತ್ತಿದ್ದಳು. ಅದಕ್ಕೆ ಅವಳಿಗೆ ಬೇಕಾಗಿದ್ದುದು ಒಂದು ಹಳೆಯ ರೊಟ್ಟಿ.

ಆಗಿನ್ನೂ ಲಾರಿಗಳು ಅಪರೂಪ. ಊರಿನ ಗಾಡಿಕಾರರು ಬೆಲ್ಲ, ಮೆಣಸಿನಕಾಯಿ ಹೇರಿಕೊಂಡು ಅಂಬೋಲಿ ಘಟ್ಟ ಇಳಿದು ಕಡಲ ದಂಡೆಗೆ ಹೋಗುವರು, ಉಪ್ಪು, ತೆಂಗಿನಕಾಯಿ ತುಂಬಿಕೊಂಡು ಮರಳುವರು. ಅವರ ದಾರಿಯ ಬುತ್ತಿಗೆ ಎಳ್ಳು ಹಚ್ಚಿದ ಖಡಕ್ ಜೋಳದ ರೊಟ್ಟಿ ಬಡಿದುಕೊಡುವ ಕೆಲಸ ಅಲ್ಲವ್ವನದು. ಒಲೆಯ ಸುತ್ತ ಆನಿಸಿ ಒಣಗಿಸಿದ ಆ ರೊಟ್ಟಿ ನಮ್ಮ ಒಣ ಸೀಮೆಯಲ್ಲಿ ತಿಂಗಳಿಟ್ಟರೂ ಹಪ್ಪಳದಂತೆ ಸದ್ದು ಮಾಡುತ್ತದೆ.

ಒಂದು ಬೇಸಿಗೆ ಗಾಡಿಯ ಉದ್ದಪ್ಪ ಉಳಿದ ರೊಟ್ಟಿಯ ಗಂಟನ್ನು ಹಾಗೇ ತಂದುಕೊಟ್ಟ. ಬಿಚ್ಚಿ ನೋಡಿದರೆ ಎಲ್ಲ ಅರಿವೆಯಂತೆ ಮೆತ್ತಗೆ.

"ಏನ್ ಯಣ್ಣಾ, ಇವಕ್ಕ ಜಳಕಾ ಮಾಡಿಸಿದ್ಯೇನು?"

"ನಾ ಯಾಕ ಮಾಡಿಸ್ಲಿ? ಅಲ್ಲಿ ಗಾಳೀನ ಮೈಗೆ ಅಂಟಿಕೋತೈತಿ ತಂಗಿ. ಒಗದ ಧೋತರ ಸಂಜೀತನ ಒಣಗಂಗಿಲ್ಲ."

ಅಲ್ಲವ್ವನಿಗೆ ಅದೇ ಹುಚ್ಚು ಹಿಡಿಯಿತು. ಕಾಣದ ಊರಿನ ಗಾಳಿ ತನ್ನ ಕೈಯ ರೊಟ್ಟಿಯಲ್ಲಿ ಕೂತು ಬಂದಿದೆಯಲ್ಲ! ಅಂದಿನಿಂದ ಪ್ರತಿ ಸಲವೂ ಎರಡು ರೊಟ್ಟಿ ಉಳಿಸಿ, ಗಡಿಗೆಯಲ್ಲಿಟ್ಟು ಬಾಯಿ ಕಟ್ಟಿ ತರುವಂತೆ ಉದ್ದಪ್ಪನಿಗೆ ಹೇಳುತ್ತಿದ್ದಳು. ಅಲ್ಲಿಯ ಗಾಳಿ ಹೇಗಿದೆ ಎಂದು ಅವನನ್ನೇ ಕೇಳಿದರೆ ಪ್ರಯೋಜನವಿರಲಿಲ್ಲ. ಚಳಿಗಾಲವಿರಲಿ, ಬೇಸಿಗೆಯಿರಲಿ, ಅವನದು ಒಂದೇ ಮಾತು: "ಕುದಿಯೋ ಗಡಿಗಿಮ್ಯಾಲ ಮಾರಿ ಹಿಡದಂಗ ಆಕ್ಕೈತಿ." ರೊಟ್ಟಿ ಮಾತ್ರ ಪ್ರತಿ ಸಲ ಬೇರೆ ಮಾತು ಹೇಳುತ್ತಿತ್ತು. ಚಳಿಗಾಲದಲ್ಲಿ ಪಟ್ಟನೆ ಮುರಿಯುವುದು. ಬಿಸಿಲು ಏರಿದಂತೆ ಬಾಗುವುದು. ಮಡಚಿದರೂ ಮುರಿಯದೆ ಬಂತೆಂದರೆ ಸ್ವಲ್ಪ ದಿನದಲ್ಲೇ ಹೊಳೆ ಬರುವುದು.

ಹೊಳೆ ಬರುವ ಚಿಂತೆ ಅವಳಿಗೆ ಸುಮ್ಮನೆ ಇರಲಿಲ್ಲ. ಗಂಡ ತೀರಿದ ಮೇಲೆ, ಬೇಸಿಗೆಯಲ್ಲಿ ನೀರು ಸರಿದಾಗ ಏಳುವ ಉಸುಕಿನಲ್ಲಿ ಅವಳು ಕರಬೂಜದ ಬಳ್ಳಿ ಹಾಕುತ್ತಿದ್ದಳು. ಪಕ್ಕದ ಉಸುಕು ಮೈದುನ ಶೆಟ್ಟೆಪ್ಪನದು. ಊರ ಮೇಲೆ ಮೋಡದ ಚೂರಿಲ್ಲದಿದ್ದರೂ ಘಟ್ಟದಲ್ಲಿ ಮಳೆ ಬಿದ್ದರೆ ಇಲ್ಲಿ ಹೊಳೆ ಕೆಂಪಗೆ ನುಗ್ಗಿ ಬರುತ್ತದೆ. ರೊಟ್ಟಿಯ ಮರ್ಮ ತಿಳಿಯುವ ಮುಂಚೆ ಒಂದು ವರ್ಷ ಅವಳ ಬೆಳೆಯೆಲ್ಲ ಹಾಗೆ ತೇಲಿಹೋಗಿತ್ತು, ಮೈದುನ ಮಾತ್ರ ಮೊದಲೇ ಕೊಯ್ದು ಮುಗಿಸಿದ್ದ. ಆಗ ಶೆಟ್ಟೆಪ್ಪ ಹಿರಿಯರೆದುರು ಮಾತು ತೆಗೆದಿದ್ದ: "ವೈನಿ, ಇನ್ನೊಮ್ಮಿ ಬೆಳಿ ಹಾಳಾತಂದ್ರ ಉಸುಕು ನನಗ ಬಿಡಬೇಕು." ಹಿರಿಯರೂ ತಲೆಯಾಡಿಸಿದ್ದರು.

ಮುಂದೆ ಒಂದು ವರ್ಷ ರೋಹಿಣಿ ಮಳೆಯ ಹೊತ್ತು. ಕಾಯಿ ಬಲಿತಿದ್ದವು, ಬಣ್ಣ ತಿರುಗಿರಲಿಲ್ಲ. ಇನ್ನೊಂದು ವಾರ ಬಳ್ಳಿಯಲ್ಲಿದ್ದರೆ ಸಕ್ಕರೆಯಾಗುವಂಥವು. ಉದ್ದಪ್ಪ ಆ ವರ್ಷದ ಕೊನೆಯ ಗಾಡಿ ಹೊಡೆದುಕೊಂಡು ಬಂದು ಗಡಿಗೆ ಇಳಿಸಿದ. ಅಲ್ಲವ್ವ ಬಾಯಿ ಬಿಚ್ಚಿ ರೊಟ್ಟಿ ಮುರಿದಳು. ಪಟ್!

ಅವಳ ಮುಖ ಅರಳಿತು. ಮಳೆ ಇನ್ನೂ ದೂರವಿದೆ, ಕಾಯಿ ಹಣ್ಣಾಗುತ್ತವೆ. ಮುರಿದ ಚೂರನ್ನು ಬಾಯಿಗೆ ಹಾಕಿಕೊಂಡು ಬುಟ್ಟಿ ಹೊತ್ತು ಹೊಳೆಗೆ ಹೊರಟವಳು ಬಾಗಿಲಲ್ಲೇ ನಿಂತಳು. ಎಳ್ಳು ಕಹಿಯಾಗಿತ್ತು. ಉಳಿದ ಚೂರನ್ನು ಬೆಳಕಿಗೆ ಹಿಡಿದರೆ ಎಳ್ಳೆಲ್ಲ ಕರಕಲು. ಅವಳು ಎಂದೂ ಎಳ್ಳು ಸುಟ್ಟವಳಲ್ಲ. ಅಂಚು ಗರಿಗರಿ, ನಡುವೆ ಹಲ್ಲಿಗೆ ನಾರಿನಂತೆ. ಇದೇನಿದು?

ಎತ್ತಿಗೆ ನೀರು ಕುಡಿಸುತ್ತಿದ್ದ ಉದ್ದಪ್ಪನ ಮುಂದೆ ಹೋಗಿ ಚೂರು ಹಿಡಿದಳು.

"ಯಣ್ಣಾ, ಇದನ್ನ ಯಾರು ಕಾಸಿದ್ರು?"

ಉದ್ದಪ್ಪ ಎತ್ತಿನ ಕೊಂಬು ತೀಡುತ್ತ ಆ ಕಡೆ ನೋಡಿದ. "ನಾನ... ಘಟ್ಟದ ಮ್ಯಾಲ ಕೆಂಡದಾಗ ಒಂದೀಟು ಹಿಡದೆ."

"ಯಾಕ?"

"ಮತ್ತೇನ್ ಮಾಡ್ಲಿ? ಹೋದ ಸಲ ಮೆತ್ತಗಾದ ರೊಟ್ಟಿ ತಂದಾಗ ನಿನ್ನ ಮಗ್ಗಲ ಮನಿ ಸುಂದ್ರವ್ವ ಓಣಿ ಮಂದೀಗೆಲ್ಲ ಹೇಳ್ಕೊಂತ ಹೋದ್ಲು, ಅಲ್ಲವ್ವನ ರೊಟ್ಟಿ ಮೂಗು ಒರಸಾಕ ಬರತಾವು ಅಂತ. ನಿನ್ನ ಮರ್ಯಾದಿ ನಾ ಕಳೀಬೇಕೇನು?"

"ಅಯ್ಯ ನನ ಶಿವನ! ನನಗ ಬೇಕಾಗಿದ್ದ ಅದು!"

"ಬೇಕಾಗಿತ್ತು ಅಂತ ನೀ ಎಂದ ಹೇಳಿದ್ದಿ? ಸೂಕ್ಷ್ಮ ಹೆಣ್ಮಗಳು, ರೊಟ್ಟಿ ಪರೀಕ್ಷಾ ಮಾಡತಾಳ ಅಂದ್ಕೊಂಡಿದ್ದೆ."

ಖರೆಯೇ, ಅವಳು ಹೇಳಿರಲಿಲ್ಲ. ಅವಳಿಗೆ ನಗು ಬಂತು, ಅಳುವೂ ಬಂತು.

"ಕಾಸೂಕಿಂತ ಮೊದಲ ಹ್ಯಾಂಗಿತ್ತು?"

"ಸುರಳಿ ಸುತ್ತಿ ಕಿವ್ಯಾಗ ಇಟ್ಕೋಬಹುದಿತ್ತು."

ಅಲ್ಲವ್ವ ಸೆರಗು ಸಿಕ್ಕಿಸಿಕೊಂಡಳು. ಬುಟ್ಟಿ, ಕುಡುಗೋಲು ತೆಗೆದುಕೊಂಡು ಉಸುಕಿಗೆ ಇಳಿದಳು. ಹಸಿರು ಕಾಯಿಗಳನ್ನೇ ಕೊಯ್ಯತೊಡಗಿದಳು. ಪಕ್ಕದಲ್ಲಿ ಶೆಟ್ಟೆಪ್ಪ ಸೊಂಟಕ್ಕೆ ಕೈಯಿಟ್ಟು ನಿಂತ.

"ವೈನಿ, ಮ್ಯಾಲ ನೋಡ್ರಿ. ಬಾನು ತೊಳದ ತಾಟಿನಂಗ ಐತಿ. ಕೂಸಿನ್ಹಾಂಗ ಬೆಳಸಿದ್ದು ಹಸೀದ ಕೊಯ್ತೀರೇನು?"

"ನಾ ಮ್ಯಾಲ ನೋಡಾಕತ್ತಿಲ್ಲೋ ಮೈದುನಾ. ನೀನೂ ಕೊಯ್ಯಿ. ಕಡಲಿನ ಗಾಳಿ ಬದಲಾಗೈತಿ."

"ಕಡಲು ನಿಮಗ ಕಾಗದಾ ಬರದೈತೇನು?" ಅವನು ನಗುತ್ತಲೇ ಮನೆಗೆ ಹೋದ.

ಮರುದಿನವೂ ಸುಡುಬಿಸಿಲು. ಅಂಗಳದಲ್ಲಿ ಕಾಯಿಗಳನ್ನು ಹುಲ್ಲಿನಲ್ಲಿ ಮುಚ್ಚುತ್ತಿದ್ದ ಅಲ್ಲವ್ವನನ್ನು ನೋಡಲು ಸುಂದ್ರವ್ವ ಬಂದು, "ಬಾಣಂತಿ ಆದ್ವೇನು ನಿನ್ನ ಕಾಯಿ?" ಎಂದಳು. ಅಲ್ಲವ್ವ ಇನ್ನೊಂದು ಹಿಡಿ ಹುಲ್ಲು ಹರಡಿದಳು. ತಪ್ಪಿದ್ದರೆ ಕಾಯಿಯೂ ಹೋಯಿತು, ಉಸುಕೂ ಹೋಯಿತು. ಒಳಗೊಳಗೇ ಆ ಸುಟ್ಟ ಎಳ್ಳನ್ನೇ ನೆನೆದು ಧೈರ್ಯ ತಂದುಕೊಂಡಳು.

ಅದರ ಮರು ಬೆಳಗ್ಗೆ ಎಮ್ಮೆ ಮೈತೊಳೆಯಲು ಹೋದವರು ಓಡಿ ಬಂದರು. ಹೊಳೆ ಬಂದಿತ್ತು. ಬಾನು ಇನ್ನೂ ಬೆಳ್ಳಗೇ ಇತ್ತು. ಶೆಟ್ಟೆಪ್ಪನ ಕಾಯಿಗಳು ಕೆಂಪು ನೀರಿನಲ್ಲಿ ಬುಳುಬುಳು ಮುಳುಗೇಳುತ್ತ ಹೋಗುವುದನ್ನು ಊರೆಲ್ಲ ದಂಡೆಯಲ್ಲಿ ನಿಂತು ನೋಡಿತು.

ಹುಲ್ಲಿನಲ್ಲಿಟ್ಟವು ಎಲ್ಲವೂ ಹಣ್ಣಾಗಲಿಲ್ಲ. ಕೆಲವು ಸಪ್ಪಗಾದವು, ಕೆಲವು ಎಮ್ಮೆಯ ಪಾಲಾದವು. ಘಮಘಮ ಹಣ್ಣಾದವುಗಳಲ್ಲಿ ಒಂದು ಬುಟ್ಟಿ ಶೆಟ್ಟೆಪ್ಪನ ಮನೆಗೂ ಹೋಯಿತು. ಉಸುಕಿನ ಮಾತನ್ನು ಮತ್ತೆ ಯಾರೂ ತೆಗೆಯಲಿಲ್ಲ.

ದಸರೆ ಕಳೆದು ಗಾಡಿ ಮತ್ತೆ ಘಟ್ಟ ಇಳಿಯುವಾಗ ಅಲ್ಲವ್ವ ಉದ್ದಪ್ಪನ ಕೈಗೆ ಗಡಿಗೆ ಕೊಟ್ಟು ಹೇಳಿದಳು: "ಇದನ್ನ ಕಾಸಿದ್ರ ನಿನಗ ಮುಂದ ಬುತ್ತಿ ಇಲ್ಲ ನೋಡು. ಮೂಗು ಒರಸೂವಂಗ ಆಗಿದ್ರೂ ಹಂಗ ತಾ."

ಮುಂದಿನ ಬೇಸಿಗೆಯಲ್ಲಿ ಗಾಡಿಯ ಗೆಜ್ಜೆ ಸದ್ದು ಕೇಳಿದರೆ ಸಾಕು, ಅಲ್ಲವ್ವನಿಗಿಂತ ಮೊದಲು ಶೆಟ್ಟೆಪ್ಪ ಕಟ್ಟೆಯ ಹತ್ತಿರ ಬಂದು ನಿಲ್ಲುತ್ತಿದ್ದ.

"ವೈನಿ, ಮುರೀರಿ ಮುರೀರಿ. ಏನ್ ಅಂತೈತಿ?"