ಕರಿ ನಿಲುವಂಗಿಯ ಯುವರಾಜ ಗೆದ್ದನೋ ಸೋತನೋ

ನಮ್ಮ ಚಿಕ್ಕಮ್ಮ ಟೈಲರ್. ಬಸ್ ನಿಲ್ದಾಣದ ಹಿಂದಿನ ಒಂದೇ ಕೋಣೆಯ ಅಂಗಡಿಯಲ್ಲಿ ಹಗಲೆಲ್ಲ ಮಷೀನ್ ತುಳಿಯುತ್ತಾಳೆ. ಗಿರಾಕಿ ಇಲ್ಲದಾಗ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಾಳೆ. ಮಂತ್ರವಾದಿಗಳು, ಮಾತಾಡುವ ಹೆಣಗಳು, ರಕ್ತದ ಹೊಳೆ. ಬರೆಯುವವಳು ನೋಡಿದರೆ ಜಿರಲೆ ಕಂಡರೆ ಮಂಚ ಹತ್ತುವ ಹೆಂಗಸು!

ಕರಿ ನಿಲುವಂಗಿಯ ಯುವರಾಜನ ಧಾರಾವಾಹಿಯನ್ನು ಮಾತ್ರ ಅವಳು ಬರೆದದ್ದು ಒಬ್ಬಳೇ ಒಬ್ಬಳು ಓದಲೆಂದು. ಆ ಒಬ್ಬಳು ನನ್ನ ಅಮ್ಮ. ಅಮ್ಮನ ಮದುವೆಗೆ ಚಿಕ್ಕಮ್ಮ ಹೊಲಿದುಕೊಟ್ಟ ಬಟ್ಟೆ ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಕಂಕುಳಲ್ಲಿ ಪರ್ರನೆ ಹರಿದಿತ್ತು. ಅಂದಿನಿಂದ ಅಮ್ಮ ತಂಗಿಯ ಜೊತೆ ಮಾತು ಬಿಟ್ಟಳು. ನಾನು ಹುಟ್ಟಿ, ಬೆಳೆದು, ನನ್ನ ತಲೆಯೂ ನರೆಯತೊಡಗಿತು. ಅಮ್ಮನ ಹಠಕ್ಕೆ ಮಾತ್ರ ವಯಸ್ಸಾಗಲಿಲ್ಲ. "ಇದನ್ನ ಓದಿದ್ರಾದ್ರೂ ಅಕ್ಕ ಸೇಡು ಬಿಡ್ತಾಳೇನೋ" ಎಂದು ಚಿಕ್ಕಮ್ಮನ ಆಸೆ.

ಕಥೆ ಸರಳ. ತುಂಬಿದ ಸಭೆಯಲ್ಲಿ ಯುವರಾಜನ ಅಂಗಿ ಹರಿಯುತ್ತದೆ, ಎಲ್ಲರೂ ನಗುತ್ತಾರೆ. ನಕ್ಕವರನ್ನು ಅವನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾನೆ. ಸತ್ತವರ ಬಟ್ಟೆಯಿಂದ ತುಂಡು ಕತ್ತರಿಸಿ ತನ್ನ ಕರಿ ನಿಲುವಂಗಿಗೆ ತೇಪೆ ಹಾಕಿಕೊಳ್ಳುತ್ತಾನೆ. ಕೊನೆಗೆ ತೇಪೆಗಳ ಭಾರಕ್ಕೆ ಕುಸಿದು, ಸ್ವಂತ ಮಗಳು ಕರೆದರೂ ಏಳಲಾರದೆ ಸಾಯುತ್ತಾನೆ.

ಓದುಗರಿಗೆ ಹುಚ್ಚು ಹಿಡಿಯಿತು. ಅಂಗಡಿಗೇ ಬಂದು ಅಂಥದ್ದೇ ನಿಲುವಂಗಿ ಹೊಲಿಸಿಕೊಳ್ಳತೊಡಗಿದರು.

"ತೇಪೆ ಇನ್ನೊಂದಷ್ಟು ಜಾಸ್ತಿ ಇರ್ಲಿ ಮೇಡಂ," ಎಂದ ಬ್ಯಾಂಕಿನ ಕ್ಯಾಷಿಯರ್. "ನಮ್ಮ ಮ್ಯಾನೇಜರ್ ಮುಂದೆ ಹಾಕ್ಕೊಂಡು ಓಡಾಡ್ಬೇಕು."

"ಅಯ್ಯೋ, ಸೇಡು ಸೇಡು ಅಂತ ಅವನು ಹಾಳಾಗಿ ಹೋದ ಕಥೆ ಕಣಪ್ಪಾ ಅದು!"

"ಹಾಳಾದ್ರೇನಂತೆ, ಗತ್ತು ನೋಡಿ!"

ಚಿಕ್ಕಮ್ಮನಿಗೆ ಪಿತ್ತ ನೆತ್ತಿಗೇರಿತು. ಭಾರ ಅಂದರೇನೆಂದು ಮೈಗಾದರೂ ಗೊತ್ತಾಗಲಿ ಎಂದು ಒಳಗೆ ದಪ್ಪ ಟಾರ್ಪಾಲಿನ ಲೈನಿಂಗ್ ಕೊಟ್ಟು ಹೊಲಿದಳು. ವಾರ ಕಳೆದ ಮೇಲೆ ಕ್ಯಾಷಿಯರ್ ಬೆವರು ಸುರಿಸುತ್ತ, ಏದುಸಿರು ಬಿಡುತ್ತ, ಇನ್ನಿಬ್ಬರನ್ನು ಕರೆದುಕೊಂಡು ಬಂದ. "ಇವರಿಗೂ ಇಷ್ಟೇ ಭಾರದ್ದು ಬೇಕಂತೆ." ಅರ್ಥ ತಿಳಿಸಹೊರಟು ವ್ಯಾಪಾರ ಹೆಚ್ಚಿಸಿಕೊಂಡ ಲೇಖಕಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಮಧ್ಯಾಹ್ನ ಅಮ್ಮನೇ ಅಂಗಡಿಗೆ ಬಂದಳು. ಚಿಕ್ಕಮ್ಮನ ಪಕ್ಕ ಗುಂಡಿ ಹಾಕುತ್ತ ಕೂತಿದ್ದ ನಾನು ಬೆರಳಿಗೆ ಸೂಜಿ ಚುಚ್ಚಿಕೊಂಡೆ.

"ಆ ಯುವರಾಜ ನಾನೇ ತಾನೆ?" ಎಂದಳು ಅಮ್ಮ.

ಚಿಕ್ಕಮ್ಮನ ಕಣ್ಣು ತುಂಬಿತು. "ಹೌದಕ್ಕಾ."

"ಓದ್ತಾ ಓದ್ತಾ ಗೊತ್ತಾಯ್ತು ಕಣೆ. ಎಷ್ಟು ಹೆಮ್ಮೆ ಆಯ್ತು! ಪ್ರಾಣ ಹೋದ್ರೂ ಹಠ ಬಿಡ್ಲಿಲ್ಲ ನೋಡು. ಇಷ್ಟು ವರ್ಷದಲ್ಲಿ ನನ್ನ ಅರ್ಥ ಮಾಡ್ಕೊಂಡೋಳು ಅಂದ್ರೆ ನೀನೊಬ್ಳೇ." ಅಮ್ಮ ಸ್ಟೂಲ್ ಎಳೆದುಕೊಂಡು ಕೂತಳು. "ಸತ್ರೂ ಗೆದ್ದಿದ್ದು ಅವನೇ ಅಲ್ವಾ?"

ಊರಿಗೆಲ್ಲ ಪಾಠ ಹೇಳಿ ರೂಢಿಯಾದ ಚಿಕ್ಕಮ್ಮನ ಬಾಯಿ ತೆರೆದೇಬಿಟ್ಟಿತು. ಎದುರಿಗೆ ಕೂತ ಅಕ್ಕನನ್ನು ಚಿಕ್ಕಮ್ಮ ಕಣ್ತುಂಬ ನೋಡಿದಳು.

"ಅವನೇ ಅಕ್ಕಾ," ಎಂದಳು. "ಅವನೇ ಗೆದ್ದಿದ್ದು. ಟೀ ಕುಡೀತೀಯಾ?"