ರೆಕ್ಕೆಯ ಮೇಲಿನ ಕೆಂಪು ದಾರ

ಅವರ ಅಂಗಿಯ ಎದೆಯ ಮೇಲೆ ಸದಾ ಬಣ್ಣಬಣ್ಣದ ದಾರದ ತುಂಡುಗಳು ಅಂಟಿಕೊಂಡಿರುತ್ತಿದ್ದವು. ಹೊಲಿದ ಬಟ್ಟೆಯಲ್ಲಿ ಜೋತಾಡುವ ದಾರ ಕಂಡರೆ ಬುಡಕ್ಕೇ ಕತ್ತರಿಸಿ, ನೆಲಕ್ಕೆ ಬೀಳಗೊಡದೆ ಎದೆಗೆ ಅಂಟಿಸಿಕೊಳ್ಳುವುದು ನಮ್ಮೂರು ಕಲ್ಯಾಣಿಯ ದರ್ಜಿ ಚಾಚಾ ಅವರ ರೂಢಿ. ಗಿರಾಕಿ ಅವಸರ ಮಾಡಿದರೆ, "ಕೂಡ್ರಿ, ಇನ್ನಾ ಮುಗದಿಲ್ಲ" ಎಂದು ಕೂರಿಸುತ್ತಿದ್ದರು.

ನಿಜಾಮರ ಆಳ್ವಿಕೆಯ ಮೂವತ್ತರ ದಶಕ. ನಾನು ಹುಮನಾಬಾದಿನ ತಂತಿ ಕಚೇರಿಗೆ ಹೊಸದಾಗಿ ಸೇರಿದ ಗುಮಾಸ್ತ. ನೌಕರಿ ಕಾಯಂ ಆಗಿರಲಿಲ್ಲ. ಮೇಲಿನವರಿಗೆ ಒಂದು ದೂರು ಹೋದರೂ ಮನೆ ದಾರಿ ಹಿಡಿಯಬೇಕಿತ್ತು. ಆ ಬೇಸಿಗೆಯಲ್ಲಿ ಮೋರಖಂಡಿಯ ಹೊಲವೊಂದರಲ್ಲಿ ಇಂಜಿನ್ ಕೆಟ್ಟ ವಿಮಾನವೊಂದು ಇಳಿಯಿತು. ಮೂಗಿಗೆ ಪಂಖ ಇದ್ದ ಒಂಟಿ ಇಂಜಿನ್ನಿನದು, ಹೊಸ ಬಗೆಯ ರೆಕ್ಕೆಯನ್ನು ಪರೀಕ್ಷಿಸಲೆಂದೇ ಕಟ್ಟಿದ್ದು. ರೆಕ್ಕೆಗೆ ಹೊದಿಸಿದ ಬಟ್ಟೆ ಜಾಲಿ ಮುಳ್ಳಿಗೆ ಸಿಕ್ಕಿ ಮೊಳದುದ್ದ ಹರಿದಿತ್ತು. ಹಾರಿಸುವ ಸಾಹೇಬರಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು. ತಹಶೀಲ್ದಾರರು ದುಭಾಷಿಯಾಗಿ ನನ್ನನ್ನು ಕಳಿಸಿದರು. ಹೊಲಿಯಲು ನಾನು ಚಾಚಾ ಅವರನ್ನು ಕರೆದೊಯ್ದೆ.

ರೆಕ್ಕೆಯ ತುಂಬ ಬೆರಳುದ್ದದ ಕೆಂಪು ಉಣ್ಣೆಯ ದಾರಗಳನ್ನು ಸಾಲಾಗಿ ಅಂಟಿಸಿದ್ದರು. ಹಾರುವಾಗ ಅವು ಮಲಗುವ, ನಡುಗುವ ರೀತಿ ನೋಡಿ ಗಾಳಿ ಹೇಗೆ ಹರಿಯುತ್ತದೆಂದು ತಿಳಿಯುವುದೇ ಸಾಹೇಬರ ಕೆಲಸ. ಅವನ್ನು ಮುಟ್ಟಬಾರದೆಂದು ದರ್ಜಿಗೆ ಹೇಳಲು ಬೆಳಿಗ್ಗೆಯೇ ನನಗೆ ತಾಕೀತು ಮಾಡಿದ್ದರು. ನಾನೋ, ನೆರೆದ ಜನಕ್ಕೆ ವಿಮಾನವನ್ನು ನಾನೇ ಕಟ್ಟಿದವನಂತೆ ವಿವರಿಸುವ ಗತ್ತಿನಲ್ಲಿ ಅದನ್ನು ಮರೆತೇಬಿಟ್ಟೆ.

ಚಾಚಾ ಮಧ್ಯಾಹ್ನದ ತನಕ ಕೂತು ಹರಕು ಹೊಲಿದರು. ಆಮೇಲೆ ಕತ್ತರಿ ಹಿಡಿದು, ಒಂದೊಂದೇ ಕೆಂಪು ದಾರ ತೆಗೆದು ರೆಕ್ಕೆಯನ್ನು ಚೊಕ್ಕಟ ಮಾಡಿದರು. ಇಂಜಿನ್ ಸರಿಪಡಿಸುತ್ತಿದ್ದ ಸಾಹೇಬರು ತಿರುಗಿ ನೋಡಿದವರು ತಲೆಯ ಮೇಲೆ ಕೈ ಹೊತ್ತು ಕೂತರು. ಇವರಿಗೆ ಹೇಳಿದ್ದೆಯೋ ಇಲ್ಲವೋ ಎಂದು ನನ್ನನ್ನು ಕೇಳಿದರು. ನಾನು ಚಾಚಾ ಅವರ ಕಡೆ ತಿರುಗಿದೆ.

ಚಾಚಾ ಅವರಿಗೆ ಇಂಗ್ಲಿಷ್ ಬಾರದು, ನನ್ನ ಮುಖ ಓದಲು ಬರುತ್ತಿತ್ತು. ಏನಾಯಿತೆಂದು ಮೆಲ್ಲಗೆ ವಿಚಾರಿಸಿದರು. ಹೇಳಿದೆ.

"ಬೇಟಾ, ನೀ ಹೇಳಿದ್ದಿ, ನಾನೇ ಮರತೀನಿ ಅಂತ ಹೇಳು. ನನ್ನ ಅಂಗಡಿ ಯಾರೂ ಕಸಗೊಳ್ಳೂದಿಲ್ಲ. ನಿನ್ನ ನೌಕರಿ ಹೋಗ್ತದ."

ನಾಚಿಕೆ ಬಿಟ್ಟು ಆ ಸುಳ್ಳನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ಚಾಚಾ ಅವರನ್ನು ಬೈದರು. ಚಾಚಾ ತಲೆ ತಗ್ಗಿಸಿದರು. ತಗ್ಗಿಸಿದಾಗ ಎದೆ ಕಂಡಿತು. ಕೆಂಪು ದಾರಗಳೆಲ್ಲ ಅಲ್ಲೇ ಇದ್ದವು! ರೆಕ್ಕೆಯ ಮೇಲೆ ಹಳೆಯ ಅಂಟಿನ ಕಲೆಗಳೂ ಅಳಿಸಿರಲಿಲ್ಲ. ಚಾಚಾ, ರೆಕ್ಕೆ ಹರಿದ ಅದೇ ಜಾಲಿ ಮರದ ಅಂಟು ಕೆರೆದು ತಂದು, ಸಂಜೆಯ ತನಕ ಒಂದೊಂದು ಕಲೆಯ ಮೇಲೂ ಒಂದೊಂದು ದಾರ ಕೂರಿಸಿದರು. ಸಾಹೇಬರು ಬಗ್ಗಿ ಪ್ರತಿಯೊಂದನ್ನೂ ಊದಿ ನೋಡಿ, ಕೊನೆಗೆ ಅವರ ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ವಿಮಾನ ಎದ್ದು, ಹೊಲದ ಮೇಲೆ ತಗ್ಗಾಗಿ ಒಂದು ಸುತ್ತು ಹಾಕಿತು. ದಾರಗಳು ರೆಕ್ಕೆಗೆ ಒರಗಿ ಮಲಗಿದ್ದವು. ಸಾಹೇಬರು ನಗುತ್ತ ಕೈ ಬೀಸಿದರು. ನಾನು ಹೆಂಟೆಯ ಮೇಲೆ ಕೂತುಬಿಟ್ಟೆ. ಹಿಂದಿನ ದಿನದಿಂದ ಇಬ್ಬರೂ ತುತ್ತು ಮುಟ್ಟಿರಲಿಲ್ಲ. ಚಾಚಾ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟರು. ಅಂಥ ರುಚಿಯ ರೊಟ್ಟಿಯನ್ನು ನಾನು ಮತ್ತೆ ತಿಂದಿಲ್ಲ.

ದೂರು ಹೋಗಲಿಲ್ಲ, ನೌಕರಿ ಕಾಯಂ ಆಯಿತು. ಕಲ್ಯಾಣಿಯ ಜನ ಮಾತ್ರ ಅವರನ್ನು ವಿಮಾನ ಬೋಳಿಸಿದ ದರ್ಜಿ ಎಂದು ಚೇಷ್ಟೆ ಮಾಡುತ್ತಲೇ ಇದ್ದರು. ಹೇಳಿದರೂ ಮರೆತ ಮನುಷ್ಯ ಎನ್ನುತ್ತಿದ್ದರು. ನಾನು ಎದುರಿಗಿದ್ದರೆ ಚಾಚಾ ನನ್ನ ಕಡೆ ತಪ್ಪಿಯೂ ನೋಡುತ್ತಿರಲಿಲ್ಲ. ಎಲ್ಲರೊಡನೆ ತಾವೂ ನಗುತ್ತಿದ್ದರು.

ಹತ್ತು ವರ್ಷದ ಮೇಲೆ ಅವರು ತೀರಿಕೊಂಡರು. ಖಬರಸ್ತಾನದಿಂದ ಮರಳುವಾಗ ಯಾರೋ ಅದೇ ಕತೆ ತೆಗೆದರು. ನಾನು ದಾರಿಯಲ್ಲೇ ನಿಂತೆ. ಎದೆಯ ಮೇಲಿನ ಭಾರ ಇಳಿಯುವಂತೆ ಮಾತು ತಾನಾಗಿ ಬಂತು.

"ಚಾಚಾ ಮರತಿರಲಿಲ್ರಿ. ನಾ ಹೇಳೇ ಇರಲಿಲ್ಲ."