ಮುಂಚೆ ಇದ್ದವರ ರುಚಿ

ಎಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆ ಕಡೆಯಿಂದ ತಿಪಟೂರಿಗೆ ಕೆಲಸಕ್ಕೆ ಬಂದೆ. ಕೊಬ್ಬರಿ ಮಂಡಿಗಳಿಗೆ ಎಲೆಕ್ಟ್ರಾನಿಕ್ ತಕ್ಕಡಿ ಮಾಡಿಕೊಡುವ ಸಣ್ಣ ಕಂಪನಿ. ಇದ್ದದ್ದು ಒಂದೇ ಕಂಪ್ಯೂಟರು, ಅದರ ಮುಂದೆ ನಾನೊಬ್ಬಳು. ಮಿಕ್ಕವರೆಲ್ಲ ಹೊರಗೆ ಶೆಡ್ಡಿನಲ್ಲಿ ತಗಡು ಕತ್ತರಿಸುತ್ತ, ಏನೋ ಹೇಳಿಕೊಂಡು ನಗುತ್ತ ಇರುತ್ತಿದ್ದರು. ನಾನು ಹೋದರೆ ನಗು ನಿಲ್ಲುತ್ತಿತ್ತು. "ಏನಾದ್ರೂ ಬೇಕಿತ್ತಾ ಮೇಡಂ?" ಅಷ್ಟೇ. ಮೇಡಂ ಅಂತೆ! ಇಡೀ ಊರಲ್ಲಿ ನನ್ನನ್ನು ನಾನು ಅಂತ ಗುರುತಿಟ್ಟುಕೊಳ್ಳೋರು ಒಬ್ಬರು ಸಿಕ್ಕರೆ ಸಾಕಪ್ಪಾ ಅನ್ನಿಸುತ್ತಿತ್ತು.

ಊಟ, ವಾಸ ಎರಡೂ ಒಬ್ಬರು ಅಕ್ಕನ ಮನೆಯಲ್ಲಿ. ಗಂಡ ಇರಲಿಲ್ಲ. ತೆಂಗಿನ ನಾರಿನ ಹುರಿ ಹೊಸೆದು ಮಾರುತ್ತಿದ್ದರು, ಹಿಂದಿನ ಕೋಣೆ ಬಾಡಿಗೆಗೆ ಕೊಡುತ್ತಿದ್ದರು. ನನಗಿಂತ ಮುಂಚೆ ಆ ಕೋಣೆಯಲ್ಲಿ ಒಬ್ಬರು ನರ್ಸಮ್ಮ ಬಹಳ ವರ್ಷ ಇದ್ದು, ವರ್ಗವಾಗಿ ಹೋಗಿದ್ದರು. ಅವರಿಗೆ ಹೊಟ್ಟೆಹುಣ್ಣು. ಅದಕ್ಕೇ ಅಕ್ಕನಿಗೆ ಮೆಣಸಿನಕಾಯಿ ಬಿಟ್ಟು, ಎಲ್ಲಕ್ಕೂ ಕಾಯಿಹಾಲು ಸುರಿದು ಅಡುಗೆ ಮಾಡಿ ರೂಢಿ. ಸಾರಿಗೂ ಕಾಯಿಹಾಲು, ಪಲ್ಯಕ್ಕೂ ಕಾಯಿಹಾಲು. ನಾನೋ, ಹಸಿಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿನ್ನೋಳು!

"ಅಕ್ಕಾ, ನಂಗೆ ಖಾರ ಬೇಕು."

"ಆಯ್ತು ಬುಡವ್ವ."

ಮಾರನೇ ದಿನ ಮತ್ತೆ ಅದೇ ಸಪ್ಪೆ ಸಾರು.

ಅದೇ ಹೊತ್ತಿಗೆ ಕಂಪ್ಯೂಟರೂ ಇದೇ ಆಟ ಶುರುಮಾಡಿತು. ತಕ್ಕಡಿಯ ಪ್ರೋಗ್ರಾಮಿನಲ್ಲಿ ಒಂದು ಆಪ್ಷನ್ ಇತ್ತು: ಚೀಲದ ತೂಕ ಕಳೆದು ತೋರಿಸಬೇಕೋ ಬೇಡವೋ ಅಂತ. ಗಿರಾಕಿಯೊಬ್ಬರು ಬೇಡ ಅಂದರು. ಪ್ರೋಗ್ರಾಮು ಕಟ್ಟುವಾಗ, ಅಂದರೆ ಬರೆದದ್ದನ್ನು ತಕ್ಕಡಿಗೆ ಹಾಕೋ ಹಾಗೆ ಮಾಡುವಾಗ, ಕಂಪ್ಯೂಟರು ಓದುವ ಫೈಲೊಂದಿತ್ತು. ಅದರಲ್ಲಿ 'ಬೇಡ' ಅಂತ ಬರೆದು ಕಟ್ಟಿದೆ. ತಕ್ಕಡಿ ಮತ್ತೆ ಚೀಲದ ತೂಕ ಕಳೆದೇ ತೋರಿಸಿತು. ಎಷ್ಟು ಸಲ ಕಟ್ಟಿದರೂ ಕಳೆಯೋದೇ. ತಲೆ ಚಚ್ಚಿಕೊಂಡೆ. ಕೊನೆಗೆ ನೋಡಿದರೆ, ಫೈಲಿನ ಆ ಸಾಲು ಹೇಳುತ್ತಿದ್ದದ್ದು ಇಷ್ಟೇ: ಈ ಆಪ್ಷನ್ನಿಗೆ ಯಾರೂ ಮೊದಲೇ ಏನೂ ಇಟ್ಟಿಲ್ಲದಿದ್ದರೆ ಮಾತ್ರ ಇದನ್ನು ತಗೋ. ನನಗಿಂತ ಮುಂಚೆ ಕೂತಿದ್ದ ಪುಣ್ಯಾತ್ಮ, ಕಂಪ್ಯೂಟರು ಶುರುವಾಗುವಾಗಲೇ 'ಬೇಕು' ಅಂತ ಬೀಳೋ ಹಾಗೆ ಬೇರೊಂದು ಕಡೆ ಬರೆದಿಟ್ಟುಹೋಗಿದ್ದ. ನನ್ನ ಸಾಲನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ. ಕಟ್ಟು ಅಂತ ಹೇಳುವಾಗಲೇ ಜೊತೆಗೆ 'ಬೇಡ' ಅಂತ ಹೇಳಿದರೆ ಕೇಳುತ್ತಿತ್ತು, ಆ ಒಂದು ಸಲಕ್ಕೆ. ಮುಂದಿನ ಸಲ ಹೇಳದಿದ್ದರೆ ಮತ್ತೆ ಹಳೇದೇ. ಅವನು ಇಟ್ಟದ್ದನ್ನು ಹುಡುಕಿ ಅಳಿಸಿದ ಮೇಲೆ ಸರಿಹೋಯಿತು.

ಗೆದ್ದೆ ಅಂತ ಮನೆಗೆ ಬಂದು ತಟ್ಟೆ ಮುಂದೆ ಕೂತರೆ, ಕಾಯಿಹಾಲು! ರೇಗಿಹೋಯಿತು.

"ಅಕ್ಕಾ, ಆ ನರ್ಸಮ್ಮ ಹೋಗಿಯಾಯ್ತು. ಇಲ್ಲಿ ಕೂತಿರೋಳು ನಾನು ಕಣ್ರೀ!"

ಅಕ್ಕ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದರು. "ನಂಗೊತ್ತು ಕಣವ್ವ. ಕೈಗೆ ಗೊತ್ತಾಗ್ಬೇಕಲ್ಲ."

ಇದನ್ನ ಯಾವ ಫೈಲಿನಲ್ಲಿ ಅಳಿಸೋದು ಹೇಳಿ.

ಅವತ್ತಿನಿಂದ ದಿನಾ ಬೆಳಿಗ್ಗೆ ಒಲೆ ಹತ್ತಿಸುವಾಗ ಹೋಗಿ ನಿಂತು "ಅಕ್ಕಾ, ಖಾರ" ಅನ್ನುತ್ತಿದ್ದೆ. ಖಾರ ಬೀಳುತ್ತಿತ್ತು. ಹೇಳದೇ ಇದ್ದರೆ ಏನಾಗುತ್ತೆ ಅಂತ ನೋಡೋಕೆ ಮಾತ್ರ ಧೈರ್ಯ ಬರಲಿಲ್ಲ. ಸಪ್ಪೆ ಸಾರು ಬಂದುಬಿಟ್ಟರೆ? ಈ ಮನೆಯಲ್ಲೂ ನಾನು ಯಾರೂ ಅಲ್ಲ ಅಂತ ಖಾತ್ರಿಯಾಗಿಬಿಡುತ್ತಲ್ಲ. ಕೆಲಸ ಬಿಟ್ಟು ಹೊರಡುವ ದಿನವೂ ಹೇಳಿಯೇ ಉಂಡೆ. ಅಕ್ಕ ಕೈಗೊಂದು ಕೊಬ್ಬರಿ ಗಿಟುಕು ಇಟ್ಟು "ಹೋಗ್ಬಾರವ್ವ" ಅಂದರು. ಬಸ್ ಸ್ಟ್ಯಾಂಡಿಗೆ ಬಂದು ಬಿಡೋರು ಯಾರೂ ಇರಲಿಲ್ಲ. ಈ ಊರಿಗೆ ನಾನು ಬಂದಿದ್ದೇ ಸುಳ್ಳೇನೋ ಅನ್ನಿಸಿ ದಾರಿಯುದ್ದಕ್ಕೂ ಅತ್ತೆ.

ಬಹಳ ದಿನದ ಮೇಲೆ ಆ ಕಡೆ ರೈಲಿನಲ್ಲಿ ಹೋಗುತ್ತಿದ್ದವಳು ತಿಪಟೂರಲ್ಲಿ ಇಳಿದೆ. ಭಾನುವಾರ ಮಧ್ಯಾಹ್ನ. ಅಕ್ಕ ಬೆಳಿಗ್ಗೆಯೇ ಅಡುಗೆ ಮಾಡಿಟ್ಟು ಹಾಲ್ಕುರಿಕೆಗೆ, ನೆಂಟರ ಮನೆಗೆ ಹೋಗಿದ್ದರು. ನನ್ನ ಕೋಣೆಗೆ ಈಗ ಒಬ್ಬಳು ಟೀಚರು ಬಂದಿದ್ದಳು. ಜಗಲಿಯ ಮೇಲೆ ತಟ್ಟೆ ಹಿಡಿದು ಕೂತಿದ್ದಳು, ಕಣ್ಣುಮೂಗಲ್ಲೆಲ್ಲ ನೀರು. ಅಕ್ಕನ ಪರಿಚಯದವಳು ಅಂದದ್ದಷ್ಟೇ, ಶುರುಮಾಡಿದಳು.

"ಏನ್ ಖಾರ ಹಾಕ್ತಾರೆ ಅಂತೀರಿ! ಬಾಯಿಗಿಡಕ್ಕಾಗಲ್ಲ. ಬೇಡ ಅಂತ ಬಡ್ಕೊಂಡ್ರೆ 'ಆಯ್ತು ಬುಡವ್ವ' ಅಂತಾರೆ, ನಾಳೆ ಮತ್ತೆ ಇದೇ. ಮುಂಚೆ ಇದ್ದೋರಿಗೆ ಹಿಂಗೇ ಬೇಕಿತ್ತಂತೆ. ಯಾವ ಮಹಾತಾಯಿನೋ!"

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಸಂತೋಷ ತಡೆಯಲಾಗದೆ ಅವಳ ತಟ್ಟೆಯೊಳಕ್ಕೆ ಇಣುಕಿ ಆ ಸಾರನ್ನು ನೋಡಿದೆ.

"ಬೆಳಿಗ್ಗೆ ಒಲೆ ಹತ್ತಿಸೋವಾಗ ಹೋಗಿ ನಿಂತು ಹೇಳಿ. ಆ ದಿನಕ್ಕೆ ಕೇಳ್ತಾರೆ," ಅಂದೆ.

"ಅಯ್ಯೋ, ದಿನಾ ಹೇಳ್ಬೇಕಾ? ಪೂರ್ತಿ ತಪ್ಸೋದು ಹೆಂಗೆ?"

"ನಂಗೊತ್ತಿಲ್ಲ ಕಣಮ್ಮ," ಅಂದೆ. ಗೊತ್ತಿದ್ದಿದ್ದರೂ ಹೇಳುತ್ತಿರಲಿಲ್ಲ.